ಸೂರಿಲ್ಲದ ಗಾಡಿ

ಗುರುವಾರ, 17 ಅಕ್ಟೋಬರ್ 2024
ಫ್ರೀಮಾಂಟ್, ಕ್ಯಾಲಿಫೋರ್ನಿಯಾ, ರಾತ್ರಿ 11.20

ಇವತ್ತು ಸಂಜೆ ಬಂದಿದ್ದವರು ಅಪ್ಪ, ಮಗ. ಮಾರೋಕಿಟ್ಟಿರೋ ನನ್ನ ಹಳೇ ಕಾರು ಕಪ್ಪೆಯನ್ನು ನೋಡೋಕೆ ಬರ್ತೀನಿ ಅಂದ ನಾಲ್ಕನೇ ಪಾರ್ಟಿ. ಮೊದಲ ಮೂವರ ಕಥೆ ಬೇಡ. ಒಬ್ಬ ಬರ್ತೀನಿ ಅಂದು ಬರಲೇ ಇಲ್ಲ, ಇನ್ನೊಬ್ಬ ಬಂದು ಗಾಡಿ ಪಕ್ಕ ನಿಂತು ಫೋಟೋ ಹೊಡೆಸ್ಕೊಂಡು ಹೋದ, ಮೂರನೆಯವನು ನಾನು ಹೇಳಿದ ರೇಟಿನ ಅರ್ಧ ಹೇಳಿ, ಕ್ಯಾಶ್ ಇದೆ ನೋಡಿ ಅಂತ ಜೇಬು ತಟ್ಟಿದ.

ಈ ಮನುಷ್ಯ ಹಾಗಲ್ಲ. ಬಂದವನೇ ಕೈ ಕುಲುಕಿ, ಮಾತಿಲ್ಲದೆ ಗಾಡಿಗೆ ಒಂದು ಸುತ್ತು ಬಂದ. ಎಡಗಡೆ ಹೆಡ್‌ಲೈಟ್ ಮುಚ್ಚಳದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಸಂದಿಯಲ್ಲಿ ಇಳಿದಿದ್ದ ಕೆಂಪು ಗೆರೆಗೆ ಉಗುರು ತಾಗಿಸಿ ಕೇಳಿದ, "ತುಕ್ಕಾ?"

ಕುಂಕುಮ. ಹೋದ ಶುಕ್ರವಾರ ಆಯುಧಪೂಜೆಗೆ ಹಚ್ಚಿದ್ದು, ಬೆಳಗಿನ ಇಬ್ಬನಿಗೆ ಕರಗಿ ಹರಿದಿದೆ. ಬಿಳಿ ಗಾಡಿ ಮೇಲೆ ಥೇಟ್ ತುಕ್ಕಿನ ಹಾಗೇ ಕಾಣುತ್ತೆ, ಅವನ ತಪ್ಪಿಲ್ಲ. ವರ್ಷಕ್ಕೊಂದು ದಿನ ನಾವು ಯಂತ್ರಗಳಿಗೆ ಕೈ ಮುಗೀತೀವಿ ಅಂದೆ. "ನಾನು ದಿನಾ ಬೈತೀನಿ" ಅಂದ. ಓಕ್ಲೆಂಡ್ ಬಂದರಿನ ಕಡೆ ಟ್ರೇಲರ್ ರಿಪೇರಿ ಮಾಡ್ತಾನಂತೆ. ಬೆರಳಿಗೆ ಎಂಜಲು ಹಚ್ಚಿ ಒರೆಸಿ ನೋಡಿದ, ಬಂತು, ಸಮಾಧಾನ ಆಯಿತು.

ಪೂಜೆ ದಿನ ಇವಳು, ನನ್ನ ಹೆಂಡತಿ, ಕೇಳಿದ್ದಳು, ಮಾರೋ ಗಾಡಿಗೂ ಪೂಜೆನಾ ಅಂತ. ಮನೆಯಿಂದ ಹೊರಡೋ ಮಗಳಿಗೆ ಮಡಿಲಕ್ಕಿ ಕಟ್ಟಲ್ವಾ ಅಂತ ನಾನು ದೊಡ್ಡ ಮಾತಾಡಿದೆ. ಚಕ್ರದ ಕೆಳಗೆ ನಿಂಬೆಹಣ್ಣು ಇಡ್ತಿದ್ದ ಮಗಳು ಪುಟ್ಟಿ ಅದನ್ನ ಅಲ್ಲೇ ಬಿಟ್ಟು ಒಳಗೆ ಹೋದಳು. ಅವಳು ನನ್ನ ಜೊತೆ ಸರಿಯಾಗಿ ಮಾತಾಡಿ ಆಗಲೇ ಮೂರು ವಾರ.

ಕಪ್ಪೆ ಗೊತ್ತಿಲ್ಲದವರಿಗೆ ಎರಡು ಮಾತು. 1990ರ ಮಾಜ್ಡಾ ಮಿಯಾಟಾ. ಹೆಡ್‌ಲೈಟ್ ಹಾಕಿದರೆ ಬಾನೆಟ್ಟಿಂದ ಎರಡು ಕಣ್ಣು ಮೇಲೇಳುತ್ತವೆ, ಅದಕ್ಕೇ ಕಪ್ಪೆ. 1989ರ ಫೆಬ್ರವರಿಯಲ್ಲಿ ಚಿಕಾಗೋ ಮೋಟಾರ್ ಮೇಳದಲ್ಲಿ ಮೊದಲ ಸಲ ತೋರಿಸಿದಾಗ ಜನ ಹುಚ್ಚೆದ್ದಿದ್ದರಂತೆ. ಹಳೇ ಇಂಗ್ಲಿಷ್ ರೋಡ್‌ಸ್ಟರ್‌ಗಳ (ಟಾಪು ತೆಗೆಯೋ ಎರಡು ಸೀಟಿನ ಕಾರುಗಳ) ಮಜಾ ಎಲ್ಲ ಇತ್ತು, ನಿಂತಲ್ಲಿ ಆಯಿಲ್ ಸೋರೋದು ಮಾತ್ರ ಇರಲಿಲ್ಲ. ಆಗಿನ ಬೆಲೆ 13,800 ಡಾಲರ್. ನಾನು 2019ರಲ್ಲಿ ಲಿವರ್‌ಮೋರ್‌ನ ಒಂದು ಮನೆಯ ಹಿತ್ತಿಲಿಂದ 3,200ಕ್ಕೆ ಎತ್ತಿಕೊಂಡು ಬಂದೆ. ಟಾಪು ಹರಿದಿತ್ತು, ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಳದಿಯಾಗಿ ಹಪ್ಪಳದ ಹಾಗೆ ಸೀಳಿತ್ತು, ಕಾಲಿಡೋ ಜಾಗದಲ್ಲಿ ನೀರು.

ಅವತ್ತು ರಾತ್ರಿ ಫೋನಲ್ಲಿ ಅಮ್ಮನಿಗೆ ಫೋಟೋ ತೋರಿಸಿದರೆ, "ಸೂರಿಲ್ಲದ ಗಾಡಿಗೆ ಯಾರಪ್ಪಾ ದುಡ್ಡು ಕೊಡ್ತಾರೆ" ಅಂದಿದ್ದರು.

ನೀರಿನ ಕಾರಣ ಸುಲಭದ್ದು. ಬಟ್ಟೆಯ ಟಾಪಿನ ಬುಡದಲ್ಲಿ, ಸೀಟುಗಳ ಹಿಂದೆ, ಎರಡೂ ಕಡೆ ಮಳೆನೀರು ಇಳಿದು ಹೋಗೋಕೆ ತೂತುಗಳಿವೆ. ಎಲೆ, ಕಸ ಸೇರಿ ಅವು ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಪಟ್ಟಿಯೊಳಗೆ ನಿಂತು ಒಳಗಿಂದ ತಿನ್ನುತ್ತೆ. ಮೇಲೆ ಬಣ್ಣ ಫಳಫಳ ಅಂತಿರುತ್ತೆ, ಒಳಗೆ ಟೊಳ್ಳು. ಆ ತೂತಿಗೆ ನನ್ನ ಕೈ ಹೋಗಲಿಲ್ಲ. ಆಗ ಹನ್ನೊಂದು ವರ್ಷದ ಪುಟ್ಟಿಯ ಕೈ ಹೋಯಿತು. ಒಂದು ಭಾನುವಾರ ಪೂರ್ತಿ ಕೂತು ಕೊಳೆತ ನೀಲಗಿರಿ ಎಲೆಗಳನ್ನ ಹಿಡಿ ಹಿಡಿಯಾಗಿ ತೆಗೆದಳು. ನಾನು ಹುಲ್ಲು ಕತ್ತರಿಸೋ ಮೆಷಿನ್ನಿನ ನೈಲಾನ್ ದಾರ ತೂರಿಸಿ ಕೊಳವೆ ಬಿಡಿಸಿದೆ. ಕೆಳಗಿಂದ ಕಪ್ಪು ನೀರು ದಬದಬ ಇಳಿದಾಗ ಅವಳು ಕುಣಿದಿದ್ದನ್ನ ಆಗ ಇಲ್ಲೇ ಬರೆದಿದ್ದೆ ಅನ್ನಿಸುತ್ತೆ.

ಆಮೇಲೆ ಟೈಮಿಂಗ್ ಬೆಲ್ಟು, ಅದರ ಜೊತೆಗೇ ವಾಟರ್ ಪಂಪು, ಕ್ಲಚ್ಚಿನ ಸ್ಲೇವ್ ಸಿಲಿಂಡರು, ಪ್ಲಾಸ್ಟಿಕ್ ತಲೆ ಕಂದು ಬಣ್ಣಕ್ಕೆ ತಿರುಗಿದ್ದ ರೇಡಿಯೇಟರು, ಗಾಜಿನ ಕಿಟಕಿಯಿರೋ ಹೊಸ ಟಾಪು. 2021ರಲ್ಲಿ ಬೆಸುಗೆ ಬಲ್ಲ ಟ್ರೇಸಿ ಗುರುಗಳು ಬಂದು ಎಡಗಡೆ ಪಟ್ಟಿ ಕತ್ತರಿಸಿ ಹೊಸ ತಗಡು ಬೆಸೆದರು. ಹೊಗೆ ಪರೀಕ್ಷೆಯಲ್ಲಿ ಒಂದು ಸಲ ಫೇಲು. ಕ್ಯಾಲಿಫೋರ್ನಿಯಾದಲ್ಲಿ 1976ರಿಂದ ಈಚಿನ ಪೆಟ್ರೋಲ್ ಗಾಡಿ ಹಳೇದಾಯಿತು ಅಂತ ಅದರಿಂದ ಬಿಡುಗಡೆ ಇಲ್ಲ, ಮತ್ತೆ ಇಲ್ಲಿನ ನಿಯಮಕ್ಕೆ ಒಪ್ಪೋ, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರಿನ ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತೆ. ಒಟ್ಟು ಎಷ್ಟಾಯಿತು ಅನ್ನೋದು ಇವಳ ಎಕ್ಸೆಲ್ ಶೀಟಿನಲ್ಲಿದೆ, ನಾನು ಅದನ್ನ ತೆರೆಯಲ್ಲ. ಕೇಳಿರೋ ಬೆಲೆ 7,900.

ಇರಲಿ, ಇವತ್ತಿಗೆ ಬರ್ತೀನಿ.

ಅವನು ಜೇಬಿಂದ ಅಯಸ್ಕಾಂತ ತೆಗೆದಾಗಲೇ ಗೊತ್ತಾಯಿತು, ಇವನು ತಿಳಿದವನು. ಹುಡುಕೋ ಮುಂಚೆ ನಾನೇ ಹೇಳಿದೆ, ಎಡಗಡೆ ಹಿಂದಿನ ಚಕ್ರದ ಮುಂದೆ ಪ್ಯಾಚ್ ಇದೆ, ಸ್ವಲ್ಪ ಫಿಲ್ಲರ್ (ಅಯಸ್ಕಾಂತ ಅಂಟದ ಮೆತ್ತೆ) ಇದೆ, ಬೆಸೆಯುವಾಗ ತೆಗೆದ ಫೋಟೋ ಇಲ್ಲಿದೆ ಅಂತ. ಆಮೇಲೆ ಟಾರ್ಚ್ ಹಿಡಿದು ಇಂಜಿನ್ನಿನ ಮೂತಿಗೆ ಬಗ್ಗಿದ. ಕ್ರ್ಯಾಂಕ್ ಪುಲ್ಲಿಯ (ಇಂಜಿನ್ನಿನ ಮುಖ್ಯ ದಂಡದ ತುದಿಯ ಗಾಲಿಯ) ಸೀಳುಗಳನ್ನ ಎಣಿಸ್ತಿದಾನೆ. ನಾಲ್ಕಿದ್ದರೆ ಗಿಡ್ಡ ಮೂಗಿನ ಕ್ರ್ಯಾಂಕು, ಎಂಟಿದ್ದರೆ ಉದ್ದ ಮೂಗು. ಮೊದಮೊದಲ ಗಾಡಿಗಳ ಗಿಡ್ಡ ಮೂಗಿನದ್ದರಲ್ಲಿ ಬೋಲ್ಟ್ ಸರಿಯಾಗಿ ಬಿಗಿಯದಿದ್ದರೆ ಕೀಲಿ ಕೂರೋ ತೋಡು ಸವೆದು ಇಂಜಿನ್ನೇ ಹೋಗುತ್ತೆ. ನಾಲ್ಕೇ ಅಂದೆ. ಬೆಲ್ಟ್ ಬದಲಾಯಿಸುವಾಗ ಬಿಚ್ಚಿ ನೋಡಿದೀವಿ, ಸವೆದಿಲ್ಲ ಅಂದೆ. ತಲೆ ಆಡಿಸಿದ. ಕಬ್ಬಿಣದ ವಿಷಯದಲ್ಲಿ ನಾನು ಅವನಿಗೆ ಒಂದೂ ಸುಳ್ಳು ಹೇಳಿಲ್ಲ.

ಓಡಿಸಿ ನೋಡೋಕೆ ಅವನು ಸ್ಟೀರಿಂಗ್ ಹಿಡಿದ, ನಾನು ಪಕ್ಕ. ಮೂರನೆಯವರಿಗೆ ಜಾಗ ಇಲ್ಲವಲ್ಲ, ಮಗ ಮನೆ ಮುಂದೆ ಉಳಿದ. ನೈಲ್ಸ್ ಕ್ಯಾನಿಯನ್ ದಾರಿಯಲ್ಲಿ ಸುನೋಲ್ ತನಕ ಹೋಗಿ ಬಂದೆವು. ಟಾಪು ತೆಗೆದಿತ್ತು. ತೊರೆ ಪಕ್ಕದ ಆ ತಿರುವುಗಳಲ್ಲಿ ಬಿಸಿಲಿಂದ ನೆರಳಿಗೆ ಹೋದ ತಕ್ಷಣ ಗಾಳಿ ತಣ್ಣಗಾಗುತ್ತೆ, ಒಣಹುಲ್ಲಿನ ವಾಸನೆ ಹೋಗಿ ಒದ್ದೆ ಮಣ್ಣಿನ ವಾಸನೆ ಬರುತ್ತೆ, ಮುಚ್ಚಿದ ಗಾಡಿಯಲ್ಲಿ ಇದು ಗೊತ್ತೇ ಆಗಲ್ಲ. ಅವನು ಒಂದೂ ಮಾತಾಡಲಿಲ್ಲ. ಮೂರರಿಂದ ಎರಡಕ್ಕೆ ಗೇರ್ ಇಳಿಸುವಾಗ ಒಂದು ಸಲ ಸುಮ್ಮನೆ ನಕ್ಕ. ಅಲ್ಲೇ ಗೊತ್ತಾಯಿತು, ಗಾಡಿ ಹೋಯಿತು ಅಂತ.

ವಾಪಸ್ ಬಂದರೆ ಪುಟ್ಟಿ ಆ ಹುಡುಗನಿಗೆ ಟೂಲ್‌ಬಾಕ್ಸ್ ತೋರಿಸ್ತಿದಾಳೆ. ನನ್ನ ಕಡೆ ನೋಡಲಿಲ್ಲ. ನಾನು ಬಾನೆಟ್ ಎತ್ತಿದ ತಕ್ಷಣ ತಾನೇ ಮುಂದೆ ಬಂದು, ಹೆಡ್‌ಲೈಟ್ ಮೋಟಾರು ಕೆಟ್ಟರೆ ಗಾಬರಿಯಾಗಬೇಡ, ಈ ತಿರುಪು ಹೀಗೆ ಕೈಯಲ್ಲೇ ತಿರುಗಿಸಿದರೆ ಕಣ್ಣು ಮೇಲೆ ಬರುತ್ತೆ ಅಂತ ಅವನಿಗೆ ತೋರಿಸಿದಳು. ವರ್ಷಕ್ಕೆರಡು ಸಲ ಸೀಟಿನ ಹಿಂದೆ ಎಲೆ ತೆಗಿ ಅಂದಳು. ಬ್ಯಾಟರಿ ಹಿಂದೆ ಡಿಕ್ಕಿಯಲ್ಲಿದೆ, ಯಾವುದೋ ಒಂದು ಹಾಕಬೇಡ ಅಂದಳು. ಮೂರು ವಾರದಲ್ಲಿ ಅವಳ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು, ಅದೂ ನನಗಲ್ಲ.

ಅವಾಗ ಅವನು ಕೇಳಿದ. "ಇಷ್ಟೆಲ್ಲಾ ಮಾಡಿ ಯಾಕೆ ಮಾರ್ತಿದೀರಿ?"

ಜಾಗ ಸಾಲಲ್ಲ ಅಂದೆ. ಗರಾಜು ಖಾಲಿ ಮಾಡಬೇಕು ಅಂದೆ. ಗರಾಜಿನ ಬಾಗಿಲು ತೆರೆದಿತ್ತು, ಒಳಗೆ ಇನ್ನೊಂದು ಗಾಡಿ ನಿಲ್ಲಿಸೋವಷ್ಟು ಜಾಗ ಬಿಕೋ ಅಂತಿತ್ತು. ಪುಟ್ಟಿ ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು.

ನಿಜ ಏನು ಅಂದರೆ ಆಗಸ್ಟ್ ಕೊನೆಯ ಒಂದು ಸಂಜೆ. ಪುಟ್ಟಿಗೆ ಜುಲೈನಲ್ಲಿ ಹದಿನಾರು ತುಂಬಿ ಲೈಸೆನ್ಸ್ ಬಂತು. ಅದಕ್ಕೆ ಬೇಕಾದ ಐವತ್ತು ಗಂಟೆ ಅಭ್ಯಾಸದಲ್ಲಿ ಅರ್ಧ ಕಪ್ಪೆಯಲ್ಲೇ ಆಗಿದ್ದು. ಓಲೋನಿ ಕಾಲೇಜಿನ ಖಾಲಿ ಪಾರ್ಕಿಂಗಲ್ಲಿ ಕ್ಲಚ್ ಕಲಿಸಿದೆ, ಹಾಲು ಉಕ್ಕೋ ಮುಂಚೆ ಉರಿ ಇಳಿಸ್ತೀಯಲ್ಲ ಹಾಗೆ ಕಾಲು ಬಿಡು ಅಂತ. ಚೆನ್ನಾಗಿ ಓಡಿಸ್ತಾಳೆ, ನನಗಿಂತ ತಾಳ್ಮೆ ಜಾಸ್ತಿ. ಅವತ್ತು 880 ಹೆದ್ದಾರಿಯಲ್ಲಿ ಅವಳು ಓಡಿಸ್ತಿದ್ದಳು, ನಾನು ಪಕ್ಕದ ಸೀಟು. ಈ ಕಡೆಯವರಿಗೆ ಗೊತ್ತು, ಓಕ್ಲೆಂಡಲ್ಲಿ 580ರ ಮೇಲೆ ದೊಡ್ಡ ಲಾರಿಗಳನ್ನ ಬಿಡಲ್ಲ, ಬಂದರಿನ ಕಂಟೇನರೆಲ್ಲ 880ಕ್ಕೇ ಬಂದು ಬೀಳುತ್ತೆ. ಹೇವರ್ಡ್ ದಾಟಿದ ಮೇಲೆ ಒಂದು ಲಾರಿ ನಮ್ಮ ಲೇನಿಗೆ ಸರೀತು. ಅವಳು ನೋಡಿದಳು, ಬ್ರೇಕ್ ಒತ್ತಿದಳು, ಹಾರ್ನ್ ಹೊಡೆದಳು, ಅದು ವಾಪಸ್ ಹೋಯಿತು. ಅಷ್ಟೇ. ಅವಳ ಕಡೆಯಿಂದ ಒಂದು ಕೂದಲೆಳೆ ತಪ್ಪಿಲ್ಲ. ಆದರೆ ನಾನು ಕೂತಿದ್ದ ಎತ್ತರಕ್ಕೆ ಆ ಲಾರಿಯ ಚಕ್ರದ ನಟ್ಟುಗಳು ಸರಿಯಾಗಿ ನನ್ನ ಕಿವಿಯ ಮಟ್ಟದಲ್ಲಿದ್ದವು. ಎಣಿಸಬಹುದಿತ್ತು. ಅದು ತುಂಬಿದ ಲಾರಿಯಾದರೆ 36 ಟನ್, ಕಪ್ಪೆ ಸುಮಾರು ಒಂದು ಟನ್. ಏರ್‌ಬ್ಯಾಗ್ ಇರೋದು ಡ್ರೈವರಿಗೆ ಒಂದೇ. ತಲೆ ಮೇಲೆ ಬಟ್ಟೆ.

ಅವಳು ಐದು ನಿಮಿಷಕ್ಕೆ ಮರೆತು ಹಾಡು ಹಾಕಿದಳು. ನಾನು ಮನೆಗೆ ಬಂದು ನೀರು ಕುಡಿದೆ. ಆಮೇಲೆ ಯಾವತ್ತೋ ಒಂದು ರಾತ್ರಿ ಜಾಹೀರಾತು ಬರೆದೆ. ಅವಳಿಗೂ ಜಾಗ ಸಾಲಲ್ಲ ಅಂತಲೇ ಹೇಳಿದ್ದು.

ಸರಿ, ಇವತ್ತು ನಾನೂ ಅವನನ್ನ ಕೇಳಿದೆ, ನಿಮಗ್ಯಾಕೆ ಈ ಗಾಡಿ ಅಂತ. ವಾರಾಂತ್ಯದ ಆಟಕ್ಕೆ ಅಂತಾನೆ ಅಂದ್ಕೊಂಡಿದ್ದೆ.

"ನನಗಲ್ಲ, ಇವನಿಗೆ. ಮುಂದಿನ ತಿಂಗಳು ಹದಿನೇಳು. ಮೊದಲ ಗಾಡಿ."

ನನ್ನ ಮುಖ ಏನಾಯಿತೋ ಗೊತ್ತಿಲ್ಲ, ಅವನು ತಾನಾಗೇ ಮುಂದುವರಿಸಿದ. "ಎರಡೇ ಸೀಟು ನೋಡಿ. ಮೂರು ಜನ ಗೆಳೆಯರನ್ನ ಹೇರಿಕೊಂಡು ಹೋಗೋಕಾಗಲ್ಲ. 116 ಕುದುರೆ, ಅದೂ ಮುದಿ ಕುದುರೆಗಳು. ಒಂದು ಕೈ ಗೇರಲ್ಲಿ, ಒಂದು ಕೈ ಸ್ಟೀರಿಂಗಲ್ಲಿ, ಫೋನ್ ಹಿಡಿಯೋಕೆ ಮೂರನೇ ಕೈ ಇಲ್ಲ. ಸೂರಿಲ್ಲದಿದ್ದರೆ ಭಯ ಇರುತ್ತೆ, ಭಯ ಇದ್ದರೆ ನಿಧಾನ ಹೋಗ್ತಾನೆ. ಇವನ ಸೇಫ್ಟಿಗೇ ಇದನ್ನ ಹುಡುಕಿದ್ದು."

ಸೇಫ್ಟಿಗೆ!

ಹುಡುಗ ಅಷ್ಟರಲ್ಲಿ ಗಾಡಿಯೊಳಗೆ ಕೂತು ಕಣ್ಣು ಎಬ್ಬಿಸ್ತಿದ್ದ, ಮಲಗಿಸ್ತಿದ್ದ. ಎಬ್ಬಿಸ್ತಿದ್ದ, ಮಲಗಿಸ್ತಿದ್ದ. 2019ರಲ್ಲಿ ಪುಟ್ಟಿ ಮಾಡಿದ ಹಾಗೇ. ನಾನು ಅವನಪ್ಪನಿಗೆ 880ರ ಕಥೆ ಹೇಳಬೇಕಿತ್ತಾ? ಹೇಳೋಕೆ ಏನಿದೆ, ಅವನು ದಿನಾ ಆ ಲಾರಿಗಳ ಹೊಟ್ಟೆ ಕೆಳಗೇ ಮಲಗಿರ್ತಾನೆ, ಚಕ್ರದ ನಟ್ಟು ನನಗಿಂತ ಹತ್ತಿರದಿಂದ ನೋಡಿದಾನೆ. ನೋಡಿಯೂ ಮಗನನ್ನ ಇದರಲ್ಲಿ ಕೂರಿಸ್ತಾನೆ. ಪ್ಯಾಚಿನ ಫೋಟೋ ತೋರಿಸಿದವನು ಪಕ್ಕದ ಸೀಟಿಗೆ ಏರ್‌ಬ್ಯಾಗ್ ಇಲ್ಲ ಅನ್ನೋದನ್ನ ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಅವನಿಗೆ ಗೊತ್ತಿರುತ್ತೆ ಬಿಡು ಅಂದ್ಕೊಂಡೆ. ಗೊತ್ತಿರುತ್ತೆ, ನಿಜ. ಆದರೂ.

7,500ಕ್ಕೆ ಮುಗೀತು. ಯೋಚಿಸಿ ರಾತ್ರಿ ಹೇಳಿ, ಶನಿವಾರ ಚೆಕ್ ತರ್ತೀನಿ ಅಂದ.

ಅವರು ಹೋದ ಮೇಲೆ ಪುಟ್ಟಿ ಹೇಳಿದ್ದು ಒಂದೇ ಮಾತು. "ಅವರಪ್ಪ ಪರವಾಗಿಲ್ಲ." ಬಾಗಿಲು ಧಡ್ ಅನ್ನಿಸಲಿಲ್ಲ, ಮೆಲ್ಲಗೇ ಹಾಕಿಕೊಂಡಳು. ಧಡ್ ಅಂದಿದ್ದರೆ ಚೆನ್ನಾಗಿತ್ತು.

ಊಟಕ್ಕೆ ಮುಂಚೆ ಅರಸೀಕೆರೆಗೆ ಫೋನ್ ಮಾಡಿದೆ, ಅಲ್ಲಿ ಬೆಳಗ್ಗೆ ಒಂಬತ್ತು. ನನ್ನ ತಲೆಯಲ್ಲಿ ಒಂದು ಕಥೆ ತಯಾರಾಗಿತ್ತು. ನಾನು ಪಿಯುಸಿ ಮುಗಿಸಿದ ವರ್ಷ ಅಪ್ಪ ಯೆಜ್ಡಿ ಮಾರಿಬಿಟ್ಟಿದ್ದರು. ಮೈಸೂರಲ್ಲಿ ತಯಾರಾದ ಗಾಡಿ, ನಮ್ಮದೇ ಗಾಡಿ ಅಂತ ಅವರಿಗೆ ಎಷ್ಟು ಜಂಬ ಇತ್ತು. ಪೆಟ್ರೋಲ್ ಕುಡಿಯುತ್ತೆ ಅಂತ ಕಾರಣ ಕೊಟ್ಟಿದ್ದರು. ನಾನು ಎಲ್ಲಿ ಹತ್ತಿ ಬೀಳ್ತೀನೋ ಅಂತ ಹೆದರಿ ಮಾರಿದ್ದು ಅಂತ ಮೂವತ್ತು ವರ್ಷ ನಂಬಿಕೊಂಡಿದೀನಿ, ಸ್ವಲ್ಪ ಸಿಟ್ಟೂ ಇಟ್ಟುಕೊಂಡಿದೀನಿ. ಅಪ್ಪನೂ ಹೀಗೇ ಮಾಡಿದ್ದರಲ್ವಾ ಅಂತ ಅಮ್ಮನ ಬಾಯಿಂದ ಹೂಂ ಅನ್ನಿಸಿಕೊಳ್ಳೋಣ ಅಂತಿದ್ದೆ.

"ಹೆದರಿಕೆ ಎಂಥದೋ, ನಿನ್ನ ಇಂಜಿನಿಯರಿಂಗ್ ಸೀಟಿನ ಫೀಸಿಗೆ ಮಾರಿದ್ದು ಅದು. ನಿನಗೆ ಹೇಳ್ಬೇಡ ಅಂದಿದ್ರು. ಹೌದು, ಅಲ್ಲಿ ಹೀರೇಕಾಯಿ ಸಿಗುತ್ತಾ?"

ಸಿಗುತ್ತೆ ಅಂದೆ. ಚಟ್ನಿ ಹೇಗೆ ಮಾಡೋದು ಅಂತ ಹತ್ತು ನಿಮಿಷ ಹೇಳಿದರು. ಸಿಪ್ಪೆ ಎಸೀಬಾರದಂತೆ.

ಗಾಡಿ ಕೊಟ್ಟ ಐದು ದಿನದೊಳಗೆ ಇಲ್ಲಿ ಒಂದು ಫಾರಂ ತುಂಬಿ ಸರ್ಕಾರಕ್ಕೆ ಕಳಿಸಬೇಕು, ಇನ್ಮುಂದೆ ಈ ಗಾಡಿಗೂ ನನಗೂ ಸಂಬಂಧ ಇಲ್ಲ, ಏನೇ ಆದರೂ ಹೊಣೆ ನಂದಲ್ಲ ಅಂತ. ಕಳೆದ ವಾರವೇ ತುಂಬಿ ಇಟ್ಟಿದೀನಿ, ತಾರೀಖು, ಓಡಿದ ಮೈಲಿ, ಕೊಂಡವರ ಹೆಸರು ಮಾತ್ರ ಖಾಲಿ. ಅವನ ಮೆಸೇಜು ಒಂಬತ್ತೂವರೆಗೇ ಬಂದಿದೆ, ಶನಿವಾರ ಹತ್ತಕ್ಕೆ ಬರಲಾ ಅಂತ. ಜೊತೆಗೆ, ಹುಡುಗ ಮಲಗ್ತಾ ಇಲ್ಲ ಅಂತ ಒಂದು ನಗುಮುಖ. ಉತ್ತರ ಎರಡು ಸಲ ಟೈಪ್ ಮಾಡಿ ಅಳಿಸಿದೆ. ಇವಳು ಮಲಗೋಕೆ ಹೋಗ್ತಾ, ಪುಟ್ಟಿಗೆ ನಿಜವಾದ ಕಾರಣ ಹೇಳಿಬಿಡಿ ಆಮೇಲೆ ಬೇಕಾದ್ದು ಮಾಡಿ ಅಂದಳು. ಹೇಳಬಹುದು. ಹೇಳಿದರೆ ಅವಳು ಖಂಡಿತ ಕೇಳ್ತಾಳೆ, ಹಾಗಾದರೆ ಆ ಹುಡುಗ?

ಟಾಪು ಮುಚ್ಚಿದೆನಾ ಇಲ್ಲವಾ ನೆನಪಾಗ್ತಿಲ್ಲ. ಅವನು ಹೋದ ಮೇಲೆ ಗಾಡಿ ಹೊರಗೇ ಇದೆ, ಬೆಳಗಿನ ಜಾವ ಇಬ್ಬನಿ ಬೀಳುತ್ತೆ. ನೋಡ್ಕೊಂಡು ಬರ್ತೀನಿ