ಅಪ್ಪನ ಟ್ರಾನ್ಸಿಸ್ಟರ್

ಹಾಸನದ ನಮ್ಮ ಮನೆಯ ಜಗಲಿಯಲ್ಲಿ ಅಪ್ಪ ಕೂರುತ್ತಿದ್ದ ಬೆತ್ತದ ಕುರ್ಚಿ ಈಗಲೂ ಅಲ್ಲೇ ಇದೆ. ಅವರು ತೀರಿಕೊಂಡು ವರ್ಷ ತುಂಬುತ್ತ ಬಂದರೂ ಅದನ್ನು ಒಳಗೆ ಎತ್ತಿಡಲು ಅಮ್ಮನಿಗೆ ಮನಸ್ಸು ಬಂದಿಲ್ಲ. ಪಕ್ಕದ ಗೂಡಿನಲ್ಲಿ ಅವರ ಟ್ರಾನ್ಸಿಸ್ಟರ್ ಇದೆ. ಅದರ ಬ್ಯಾಟರಿ ಮುಚ್ಚಳ ಕಳೆದುಹೋದಾಗ ಅಪ್ಪ ಸೈಕಲ್ ಟ್ಯೂಬಿನ ಪಟ್ಟಿಯೊಂದನ್ನು ಕತ್ತರಿಸಿ ಬಿಗಿದಿದ್ದರು.

ಸ್ಪಿನ್ ಬೌಲರ್ ಎರಪಳ್ಳಿ ಪ್ರಸನ್ನ ಅವರ ನಾಯಕತ್ವದಲ್ಲಿ ಕರ್ನಾಟಕ ಕ್ರಿಕೆಟ್ ತಂಡ 1973-74ರಲ್ಲಿ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದ ಸಂಗತಿಯನ್ನು ಅಪ್ಪ ಮನೆಯ ಶುಭಕಾರ್ಯದಂತೆ ನೆನೆಯುತ್ತಿದ್ದರು. ಆದರೆ ಅವರ ಅಚ್ಚುಮೆಚ್ಚಿನ ಆಟಗಾರ ಜಾವಗಲ್ ಶ್ರೀನಾಥ್. ಶ್ರೀನಾಥ್ ಮೈಸೂರಿನವರೆಂದು ಯಾರಾದರೂ ಹೇಳಿದರೆ, "ಜಾವಗಲ್ ಇರುವುದು ನಮ್ಮ ಅರಸೀಕೆರೆ ತಾಲ್ಲೂಕಿನಲ್ಲಲ್ಲವೇ?" ಎಂದು ಅಭಿಮಾನದಿಂದ ಕೇಳುತ್ತಿದ್ದರು.

1996ರ ಅಕ್ಟೋಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಶ್ರೀನಾಥ್ ಮತ್ತು ಕುಂಬ್ಳೆ ಒಂಬತ್ತನೆಯ ವಿಕೆಟ್ಟಿಗೆ ಮುರಿಯದ 52 ರನ್ ಸೇರಿಸಿ ಆಸ್ಟ್ರೇಲಿಯಾವನ್ನು ಸೋಲಿಸಿದ ರಾತ್ರಿ, ನಮ್ಮ ಬೀದಿಯಲ್ಲಿ ಕರೆಂಟು ಹೋಗಿತ್ತು. ಅಪ್ಪ ಟ್ರಾನ್ಸಿಸ್ಟರನ್ನು ಕಿವಿಗೊತ್ತಿಕೊಂಡು ಒಂದೊಂದು ರನ್ನನ್ನೂ ಜೋರಾಗಿ ಹೇಳುತ್ತಿದ್ದರೆ, ಕತ್ತಲಲ್ಲಿ ನಿಂತಿದ್ದ ನೆರೆಯವರೆಲ್ಲ ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

1999ರಲ್ಲಿ ದೆಹಲಿಯಲ್ಲಿ ಕುಂಬ್ಳೆ 74 ರನ್ನಿಗೆ ಹತ್ತೂ ವಿಕೆಟ್ ಪಡೆದಾಗಲೂ ಅಪ್ಪ ಹೆಚ್ಚು ಕೊಂಡಾಡಿದ್ದು, ಗೆಳೆಯನಿಗೆ ಕೊನೆಯ ವಿಕೆಟ್ ಉಳಿಯಲೆಂದು ಚೆಂಡನ್ನು ಬೇಕೆಂದೇ ಹೊರಗೆಸೆದ ಶ್ರೀನಾಥ್ ಅವರನ್ನು. ನನಗೂ ಅದೇ ದೊಡ್ಡದೆನಿಸುತ್ತದೆ. ಮೂವತ್ತು ವರ್ಷ ತಮ್ಮ ತಮ್ಮಂದಿರ ಓದಿಗಾಗಿ ದುಡಿದ ಅಪ್ಪನಿಗೆ ಆ ಓವರು ಬೇರೆ ಯಾರಿಗಿಂತಲೂ ಚೆನ್ನಾಗಿ ಅರ್ಥವಾಗಿತ್ತು.

ಮೊನ್ನೆ ಹೊಸ ಸೆಲ್ ಹಾಕಿ, ಆ ಪಟ್ಟಿಯನ್ನು ಮತ್ತೆ ಬಿಗಿದೆ. ಒಳಗಿದ್ದ ಅಮ್ಮ, "ಸ್ಕೋರ್ ಎಷ್ಟಂತೆ?" ಎಂದು ಕೇಳಿದರು.