ಅವ್ವನ ಚಂಚಿ

ನಮ್ಮ ಕಡೆ ಬಸ್ಸಿನ ಸೀಟು ಹಿಡಿಯುವುದು ಕಿಟಕಿಯಿಂದ. ಬಾಗಿಲಲ್ಲಿ ನೂಕಾಟ ನಡೆದಿರುವಾಗಲೇ ಟವೆಲ್ಲು, ಕರವಸ್ತ್ರ, ಚೀಲಗಳು ಒಳಗೆ ಬಿದ್ದು ಜಾಗ ಹಿಡಿದಿರುತ್ತವೆ. ಆ ಭಾನುವಾರ ಸಂಜೆ ಗದಗದಲ್ಲಿ ನಾನೂ ಹಾಗೇ ಮಾಡಿದೆ. ಅವ್ವನಿಗೆ ಮೊಣಕಾಲು ನೋವು. ಹುಬ್ಬಳ್ಳಿ ತನಕ ಸುಮಾರು 60 ಕಿಲೋಮೀಟರ್ ನಿಂತು ಹೋಗುವುದು ಆಗದ ಮಾತು. ಹೆಗಲಚೀಲವನ್ನು ಕಿಟಕಿಯಿಂದ ಸೀಟಿಗೆ ಹಾಕಿ, ಅವ್ವನ ಕೈ ಹಿಡಿದು ಬಾಗಿಲ ಕಡೆ ಹೋದೆ. ಹತ್ತಿ ಬಂದಾಗ ಸೀಟು ಇತ್ತು, ಚೀಲವೂ ಇತ್ತು. ಚೈನು ತೆರೆದಿತ್ತು. ಪರ್ಸೂ ಫೋನೂ ಇರಲಿಲ್ಲ.

ಅಲ್ಲಿಯವರೆಗೆ ದಿನ ಎಷ್ಟು ಚೆಂದ ಕಳೆದಿತ್ತು! ಬೆಳಿಗ್ಗೆ ವೀರನಾರಾಯಣನ ದರ್ಶನ. ಆಮೇಲೆ ಕೊಪ್ಪಳದ ಕಡೆ ಹೋಗುವ ಬಸ್ಸಿನಲ್ಲಿ ಲಕ್ಕುಂಡಿ. ಎಲ್ಲ ಬಸ್ಸೂ ಅಲ್ಲಿ ನಿಲ್ಲುವುದಿಲ್ಲ, ಹತ್ತುವ ಮೊದಲೇ ಕಂಡಕ್ಟರನ್ನು ಕೇಳಬೇಕು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯದ ಗೋಡೆ ಸವರುತ್ತ ಅವ್ವ ಬಹಳ ಹೊತ್ತು ನಿಂತಿದ್ದಳು. ಮುಸುಕಿನ ಬಾವಿಯ ಮೆಟ್ಟಿಲು ಇಳಿಯಲಾಗಲಿಲ್ಲ, ಮೇಲೇ ಕೂತು ನೋಡಿದಳು. ಮನೆಯಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಅಲ್ಲೇ ನೆರಳಲ್ಲಿ ಉಂಡೆವು. ಇಬ್ಬರಿಗೂ ಬಸ್ಸು ಶೂನ್ಯ ಟಿಕೆಟ್. ದಿನದ ಖರ್ಚು ಚಹಾ, ಹೂವು, ಹಣ್ಣು, ಅಷ್ಟೇ.

ಈಗ ಬಸ್ಸಿನೊಳಗೆ ಕೈಕಾಲು ತಣ್ಣಗಾದವು. ಆಧಾರ್, ಬ್ಯಾಂಕಿನ ಕಾರ್ಡು, ನೋಟು, ಪಾವತಿಯ ಆ್ಯಪ್ ಎಲ್ಲ ಒಂದೇ ಚೀಲದಲ್ಲಿ ಇಟ್ಟಿದ್ದೆ.

"ಅಳಬ್ಯಾಡ, ಇಳಿ. ಮದಲ ಪೊಲೀಸರಿಗೆ ಹೇಳೂಣು" ಅಂದಳು ಅವ್ವ.

ಬಸ್ಸು ಬಿಟ್ಟು ಹೋಯಿತು. ಅವ್ವ ಸೆರಗಿನ ಒಳಗಿಂದ ಚಂಚಿ ತೆಗೆದಳು. ಎಲೆ, ಅಡಕಿ, ಸುಣ್ಣದ ಡಬ್ಬಿಯ ಖಾನೆಗಳ ಹಿಂದೆ ಇನ್ನೊಂದು ಖಾನೆ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅದರಲ್ಲಿ ಮಡಚಿದ ನೋಟುಗಳು, ಅವಳ ಆಧಾರ್ ಕಾರ್ಡು, ನನ್ನ ಮಗನ ಶಾಲೆಯ ನೋಟುಪುಸ್ತಕದಿಂದ ಹರಿದ ಒಂದು ಚೀಟಿ. ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಮನೆಯವರ ನಂಬರು. ಅವಳ ಕೀಪ್ಯಾಡ್ ಫೋನಿನಿಂದ ತಮ್ಮನಿಗೆ ಹಚ್ಚಿದೆ.

"ಸಿಮ್ಮು ಬಂದ್ ಮಾಡಸ್ತೀನಕ್ಕಾ. ಬ್ಯಾಂಕಿನ ನಂಬರ್ ಐತೇನು?"

ಆ ಸಹಾಯವಾಣಿ ಸಂಖ್ಯೆ ಅಚ್ಚಾಗಿದ್ದು ಕಾರ್ಡಿನ ಹಿಂದೆ. ಕಾರ್ಡಿನ ಜೊತೆಗೇ ಹೋಗಿತ್ತು. ಅವನು ಮನೆಯಲ್ಲಿ ಪಾಸ್‌ಬುಕ್ ಹುಡುಕಿ, ಬ್ಯಾಂಕಿಗೆ ಫೋನು ಹಚ್ಚಿ, ಖಾತೆಯ ಯುಪಿಐ ಮತ್ತು ಕಾರ್ಡು ತಡೆಹಿಡಿಸುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋದವು. ಆ ಇಪ್ಪತ್ತು ನಿಮಿಷ ನಾನು ಪಟ್ಟ ಸಂಕಟ ನನಗೇ ಗೊತ್ತು. ಹಣವೇನಾದರೂ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಬೇಕಿತ್ತು; ಪುಣ್ಯಕ್ಕೆ ಹೋಗಿರಲಿಲ್ಲ.

ಠಾಣೆಯಲ್ಲಿ ಫೋನಿನ ಐಎಂಇಐ, ಅಂದರೆ ಆ ಫೋನನ್ನು ಗುರುತಿಸುವ ಸಂಖ್ಯೆ ಕೇಳಿದರು. 15 ಅಂಕಿ, ಯಾರಿಗೆ ಬಾಯಿಪಾಠ ಇರುತ್ತದೆ? ಫೋನು ಕೊಂಡ ಡಬ್ಬಿ ಅಟ್ಟದ ಮೇಲಿತ್ತು. ತಮ್ಮ ಏಣಿ ಹತ್ತಿ ಅದನ್ನು ತೆಗೆದು ಒಂದೊಂದೇ ಅಂಕಿ ಓದಿದ, ನಾನು ಅರ್ಜಿಯಲ್ಲಿ ಬರೆದೆ. ಸಂಚಾರ ಸಾಥಿ ಜಾಲತಾಣದಲ್ಲಿ ಕಳುವಾದ ಫೋನನ್ನು ನಿರ್ಬಂಧಿಸಲು ಆ ಸಂಖ್ಯೆ, ದೂರಿನ ಪ್ರತಿ ಎರಡೂ ಬೇಕು. ಅದಕ್ಕೇ ಮನಸ್ಸು ಎಷ್ಟೇ ಕೆಟ್ಟಿದ್ದರೂ ದೂರು ಕೊಡದೆ ಊರು ಬಿಡಬಾರದು.

ಮುಂದಿನ ಬಸ್ಸಿನಲ್ಲಿ ಕಂಡಕ್ಟರ್ ಗುರುತಿನ ಚೀಟಿ ಕೇಳಿದಾಗ ಅವ್ವ ಚಂಚಿಯಿಂದ ತೆಗೆದು ತೋರಿಸಿದಳು. ಚೀಟಿ ಕಳೆದುಕೊಂಡ ನನಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಆ ದಿನ ಮುಗಿದಿತ್ತು. ನನ್ನ ಟಿಕೆಟ್ಟಿಗೂ ಅವಳೇ ಕೊಟ್ಟಳು. "ನಮ್ಮವ್ವ ಜಾತ್ರಿಗೆ ಹೊಂಟ್ರ ರೊಕ್ಕ ಮೂರು ಕಡೆ ಇಡ್ತಿದ್ಲು," ಅಂದಳು, "ಚಂಚಿಯೊಳಗ, ಕುಬುಸದಾಗ, ಬುತ್ತಿ ಗಂಟಿನ ತಳದಾಗ."

ಫೋನು ಇವತ್ತಿಗೂ ಸಿಕ್ಕಿಲ್ಲ. ಅವ್ವ ಹಳೆಯ ಖಣದ ಬಟ್ಟೆಯಲ್ಲಿ ನನಗೊಂದು ಚಂಚಿ ಹೊಲಿಯುತ್ತಿದ್ದಾಳೆ. ಬ್ಯಾಂಕಿನ ನಂಬರು, ಹೊಸ ಫೋನಿನ 15 ಅಂಕಿ ಬರೆದ ಚೀಟಿ ಒಂದು ಅವಳ ಚಂಚಿಯಲ್ಲೂ ಇದೆ. ಮುಂದಿನ ತಿಂಗಳು ಡಂಬಳದ ದೊಡ್ಡಬಸಪ್ಪನ ಗುಡಿಗೆ ಹೋಗಬೇಕಂತೆ.