ಜಾಮೀನು ಸಿಕ್ಕಿದೆಯಲ್ಲ, ಇನ್ನೂ ಯಾಕೆ ಒಳಗಿದ್ದಾನೆ?

"ಜಾಮೀನು ಆಗಿ ಮೂರು ವಾರ ಆಯ್ತು ಸಾರ್, ಹುಡುಗನ್ನ ಇನ್ನೂ ಬಿಟ್ಟಿಲ್ಲ, ಯಾಕೆ?"

ಕಾನೂನು ನೆರವಿನ ಕೆಲಸದಲ್ಲಿರುವವರಿಗೆ ಇಷ್ಟು ಸಲ ಎದುರಾಗುವ ಪ್ರಶ್ನೆ ಬೇರೊಂದಿಲ್ಲ. ಕೇಳುವವರು ಹೆಚ್ಚಾಗಿ ತಾಯಂದಿರು, ಕೆಲವೊಮ್ಮೆ ಕೂಲಿಗೆ ಕರೆತಂದ ಮೇಸ್ತ್ರಿ. ಜಡ್ಜ್ ಸಾಹೇಬರು ಬಿಡಿ ಅಂದಮೇಲೆ ಬಿಡಬೇಕಲ್ಲವೇ ಎಂಬುದು ಅವರ ಲೆಕ್ಕ. ಸಂವಿಧಾನ ಓದಿದವರಿಗೂ ಹಾಗೇ ಅನ್ನಿಸಬೇಕು.

ಚಿಕ್ಕ ಉತ್ತರ ಇಷ್ಟು. ಜಾಮೀನು ಆದೇಶವೇ ಬಿಡುಗಡೆ ಅಲ್ಲ, ಷರತ್ತು ಪೂರೈಸಿದರೆ ಬಿಡುತ್ತೇವೆ ಎಂಬ ಮಾತು ಅದು. ಷರತ್ತುಗಳಲ್ಲಿ ದೊಡ್ಡದು ಶ್ಯೂರಿಟಿ, ಅಂದರೆ ಆರೋಪಿ ಕೋರ್ಟಿಗೆ ಬರುತ್ತಾನೆ ಎಂದು ಇನ್ನೊಬ್ಬರು ಹೊಣೆ ನಿಲ್ಲುವುದು. ನಮ್ಮ ಕೋರ್ಟುಗಳಲ್ಲಿ ಶ್ಯೂರಿಟಿ ಎಂದರೆ ಬಹುಮಟ್ಟಿಗೆ ಪಹಣಿ. ಜಮೀನಿದ್ದವನಿಗೆ ಜಾಮೀನು ಎನ್ನುವ ಸ್ಥಿತಿ ಹೀಗೆ ಬಂದಿದೆ.

ಉದ್ದದ ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಕಾನೂನು ಗೊತ್ತುಪಡಿಸಿದ ಕ್ರಮದಿಂದಲ್ಲದೆ ಯಾರ ಜೀವವನ್ನೂ ವೈಯಕ್ತಿಕ ಸ್ವಾತಂತ್ರ್ಯವನ್ನೂ ಕಸಿಯುವಂತಿಲ್ಲ ಎನ್ನುತ್ತದೆ ಸಂವಿಧಾನದ 21ನೇ ವಿಧಿ. 'ಕಾನೂನು ಗೊತ್ತುಪಡಿಸಿದ ಕ್ರಮ' ಎಂಬ ಮಾತಿನ ಹಿಂದೆ ನಮ್ಮ ಮಂಗಳೂರಿನವರೊಬ್ಬರಿದ್ದಾರೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾಯರು 1947ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಕಾನೂನೇ ನ್ಯಾಯವಾಗಿದೆಯೇ ಎಂದು ಅಳೆಯುವ ಅಧಿಕಾರವನ್ನು ಕೋರ್ಟಿಗೆ ಕೊಡುವ ಅಮೆರಿಕದ ಮಾತು ನಮಗೆ ಬೇಡ ಎಂಬ ನಿಲುವಿನೊಂದಿಗೆ ಮರಳಿದರು. ಕರಡಿನಿಂದ ಅಮೆರಿಕದ ಆ ಮಾತು ಹೋಗಿ 'ಕಾನೂನು ಗೊತ್ತುಪಡಿಸಿದ ಕ್ರಮ' ಬಂತು. ಇದರಿಂದ ಸ್ವಾತಂತ್ರ್ಯ ಬಡವಾಯಿತೆಂದು ಸಭೆಯಲ್ಲಿ ಬಹಳ ಜನ ನೊಂದುಕೊಂಡರು. ಅದನ್ನು ಸ್ವಲ್ಪವಾದರೂ ತುಂಬಿಕೊಡಲು ಅಂಬೇಡ್ಕರ್ 1949ರ ಸೆಪ್ಟೆಂಬರಿನಲ್ಲಿ ಈಗಿನ 22ನೇ ವಿಧಿಯನ್ನು ತಂದರು: ಬಂಧನದ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವಿಚಾರಣೆಯಿಲ್ಲದೆ ಮುನ್ನೆಚ್ಚರಿಕೆಯಾಗಿ ಬಂಧನದಲ್ಲಿಡುವ ಅಧಿಕಾರವೂ ಅದೇ ವಿಧಿಯಲ್ಲಿ ಕೂತಿದೆ ಎಂಬುದನ್ನು ಮರೆಯಬಾರದು.

21ನೇ ವಿಧಿ ಹೇಳುವ ಆ ಕ್ರಮ ನ್ಯಾಯವೂ ಸಮಂಜಸವೂ ಆಗಿರಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1978ರಲ್ಲಿ, ಮೇನಕಾ ಗಾಂಧಿ ಪ್ರಕರಣದಲ್ಲಿ. ಅದರ ಹಿಂದಿನ ವರ್ಷವೇ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಜಾಮೀನೇ ನಿಯಮ, ಜೈಲು ಅಪವಾದ ಎಂಬ ತತ್ವವನ್ನು ಬರೆದಿಟ್ಟಿದ್ದರು. 1978ರ ಮೋತಿರಾಮ್ ಪ್ರಕರಣದಲ್ಲಿ ಅದೇ ಕೃಷ್ಣ ಅಯ್ಯರ್ ಇನ್ನೂ ಮುಂದೆ ಹೋದರು. ಮಧ್ಯಪ್ರದೇಶದ ಬಡ ಗಾರೆ ಕೆಲಸಗಾರನಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದರು. ಅಣ್ಣತಮ್ಮಂದಿರಲ್ಲೊಬ್ಬ ಶ್ಯೂರಿಟಿ ಕೊಡಲು ಮುಂದೆ ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ಬೇರೆ ಜಿಲ್ಲೆಯವನೆಂಬ ಕಾರಣಕ್ಕೆ ತಳ್ಳಿಹಾಕುವಂತಿಲ್ಲ, ಶ್ಯೂರಿಟಿ ಇಲ್ಲದೆ ಸ್ವಂತ ಮುಚ್ಚಳಿಕೆಯ (ತಾನೇ ಬರೆದುಕೊಡುವ ಬಾಂಡಿನ) ಮೇಲೂ ಬಿಡಬಹುದು ಎಂದು ಆಗಲೇ ತೀರ್ಪಾಗಿದೆ. ಮರುವರ್ಷ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ಜೈಲುಗಳ ಪಟ್ಟಿ ಕೋರ್ಟಿನ ಮುಂದೆ ಬಂತು. ತಪ್ಪು ಸಾಬೀತಾಗಿದ್ದರೆ ಎಷ್ಟು ಶಿಕ್ಷೆಯಾಗುತ್ತಿತ್ತೋ ಅದಕ್ಕಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಒಳಗಿದ್ದವರ ಪಟ್ಟಿ ಅದು.

ಇಷ್ಟೆಲ್ಲ ಆದಮೇಲೆ, 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಜನ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತಾಗಿಲ್ಲ. ಇವರೆಲ್ಲರಿಗೂ ಜಾಮೀನು ಮಂಜೂರಾಗಿತ್ತು ಅಂತಲ್ಲ. ಆದರೆ ಮಂಜೂರಾಗಿಯೂ ಹೊರಬರಲಾಗದವರ ಕಷ್ಟ ತೀರಾ ಸಣ್ಣ ಕಾಗದಗಳಲ್ಲಿದೆ. ಅದನ್ನು ಹತ್ತಿರದಿಂದ ನೋಡಬೇಕು.

ಆದೇಶದಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: 50,000 ರೂಪಾಯಿಯ ವೈಯಕ್ತಿಕ ಬಾಂಡ್, ಅಷ್ಟೇ ಮೊತ್ತಕ್ಕೆ ಒಬ್ಬ ಅಥವಾ ಇಬ್ಬರು ಶ್ಯೂರಿಟಿ. ಮೊದಲ ತಪ್ಪು ತಿಳಿವಳಿಕೆ ಇಲ್ಲೇ ಶುರು. ಈ 50,000 ಯಾರೂ ಕಟ್ಟಬೇಕಿಲ್ಲ. ಆರೋಪಿ ವಾಯಿದೆಗೆ (ಕೇಸಿನ ದಿನಕ್ಕೆ) ಬಾರದೆ ತಲೆಮರೆಸಿಕೊಂಡರೆ ಇಷ್ಟು ಕೊಡಲು ಬದ್ಧ ಎಂಬ ಮಾತು ಮಾತ್ರ. ಇದು ಗೊತ್ತಿಲ್ಲದೆ ಬಡ್ಡಿಗೆ ಸಾಲ ತಂದು, ಮಧ್ಯವರ್ತಿಯ ಕೈಗಿಟ್ಟು ಕಳೆದುಕೊಂಡವರಿದ್ದಾರೆ. ಕೋರ್ಟಿನ ಆವರಣದಲ್ಲಿ ದುಡ್ಡಿಗೆ ಶ್ಯೂರಿಟಿ ಹಾಕುವವರ ಮಾತು ಕೇಳಲೇಬೇಡಿ. ಖೋಟಾ ಪಹಣಿ ಎಂದು ಗೊತ್ತಾದ ದಿನ ಜಾಮೀನು ರದ್ದಾಗಬಹುದು, ಜೊತೆಗೆ ಹೊಸ ಕೇಸು ಬೀಳಬಹುದು.

ಶ್ಯೂರಿಟಿ ಹಾಕುವವರು ಆಧಾರ್, ಫೋಟೋ ಮತ್ತು ಆಸ್ತಿ ಅಥವಾ ಆದಾಯದ ದಾಖಲೆಯೊಂದಿಗೆ ಖುದ್ದು ಬರಬೇಕು. ತಾನು ಈಗಾಗಲೇ ಎಷ್ಟು ಜನಕ್ಕೆ ಶ್ಯೂರಿಟಿ ನಿಂತಿದ್ದೇನೆ ಎಂದು ಘೋಷಣೆ ಬರೆದುಕೊಡಬೇಕು. ಹಳ್ಳಿಯಿಂದ ಪಹಣಿ ಹಿಡಿದು ಬಂದ ಮಾವನನ್ನು ವಾಪಸು ಕಳಿಸುವ ಕಾರಣಗಳು ಹೆಚ್ಚುಕಮ್ಮಿ ಇವೇ. ಜಮೀನು ಇನ್ನೂ ಸತ್ತ ಅಜ್ಜನ ಹೆಸರಲ್ಲಿದೆ, ಪೌತಿ ಖಾತೆ (ವಾರಸುದಾರರ ಹೆಸರಿಗೆ ಬದಲಾವಣೆ) ಆಗಿಲ್ಲ. ಜಂಟಿ ಖಾತೆ, ನಾಲ್ಕು ಜನ ಅಣ್ಣತಮ್ಮಂದಿರ ಹೆಸರಿದೆ, ಇವನ ಪಾಲು ಯಾವುದೆಂದು ಗೊತ್ತಾಗುವುದಿಲ್ಲ. ಪಹಣಿಯಲ್ಲಿ 'ಸಿದ್ದಪ್ಪ ಬಿನ್ ಕರಿಯಪ್ಪ', ಆಧಾರಿನಲ್ಲಿ 'ಸಿದ್ದಪ್ಪ ಕೆ'. ಋಣದ ಕಲಂನಲ್ಲಿ ಬೆಳೆ ಸಾಲ. ಪಹಣಿ ತೆಗೆಸಿ ಬಹಳ ದಿನವಾಗಿದೆ, ಹೊಸದು ತನ್ನಿ ಎನ್ನುತ್ತಾರೆ. ಒಂದೊಂದು ಕಾರಣಕ್ಕೂ ಇನ್ನೊಂದು ಬಸ್ ಚಾರ್ಜು, ಇನ್ನೊಂದು ದಿನದ ಕೂಲಿ ಹೋಗುತ್ತದೆ. ಎರಡು ಸಲ ಹೀಗಾದರೆ ಮಾವ ಮೂರನೇ ಸಲ ಬರುವುದಿಲ್ಲ. ಯಾದಗಿರಿಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದು ಶೆಡ್ಡಿನಲ್ಲಿ ಉಳಿದವನಿಗಂತೂ ಇಲ್ಲಿ ಪಹಣಿ ತರುವ ಮಾವನೂ ಇಲ್ಲ.

ನನ್ನ ಮಟ್ಟಿಗೆ ಸಮಸ್ಯೆಯ ಬೇರು ಇಲ್ಲಿದೆ. ಶ್ಯೂರಿಟಿ ಇರುವುದು ಮನುಷ್ಯ ವಾಯಿದೆಗೆ ಬರುತ್ತಾನೆಯೇ ಎಂದು ಖಚಿತಪಡಿಸಿಕೊಳ್ಳಲು. ಊರಲ್ಲಿ ಸಂಸಾರ, ದುಡಿಮೆ, ಮಕ್ಕಳ ಶಾಲೆ, ಹಿಂದೆ ಕರೆದಾಗ ಬಂದ ಇತಿಹಾಸ, ಇವೆಲ್ಲ ಅದಕ್ಕೆ ಆಧಾರ ಆಗಬಹುದು. ನಾವು ಎಕರೆ ಗುಂಟೆಯಲ್ಲಿ ನಂಬಿಕೆ ಅಳೆಯುತ್ತಿದ್ದೇವೆ. ಜಮೀನೇ ಆಗಬೇಕೆಂದು ಕಾನೂನು ಎಲ್ಲೂ ಹೇಳಿಲ್ಲ, 'ಸಾಕಷ್ಟು' ಶ್ಯೂರಿಟಿ ಎಂದಷ್ಟೇ ಹೇಳಿದೆ. ಸಂಬಳದ ಚೀಟಿಯೂ ನಡೆಯುತ್ತದೆ, ಬ್ಯಾಂಕ್ ಠೇವಣಿಯೂ ನಡೆಯುತ್ತದೆ, ಪ್ರಮಾಣಪತ್ರವನ್ನು ನಂಬುವ ಅಧಿಕಾರವೂ ಕೋರ್ಟಿಗಿದೆ. ಪಹಣಿ ಬರಿಯ ರೂಢಿ. ರೂಢಿ ಸಂವಿಧಾನಕ್ಕಿಂತ ಗಟ್ಟಿಯಾಗಿ ಬೇರೂರಿರುವುದು ನನಗೆ ನೋವಿನ ವಿಷಯ.

ಹಾಗಾದರೆ ಏನು ಮಾಡಬೇಕು? ಮೊದಲ ವಾರದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕಚೇರಿ ಸಾಮಾನ್ಯವಾಗಿ ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುತ್ತದೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಬಂಧನದಲ್ಲಿರುವವರಿಗೆ ಉಚಿತ ವಕೀಲರನ್ನು ಕೊಡಲು ಆದಾಯದ ಮಿತಿ ಇಲ್ಲ, ಆದಾಯ ಪ್ರಮಾಣಪತ್ರ ತನ್ನಿ ಎಂದರೆ ಇದನ್ನು ಹೇಳಿ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳನ್ನು ಬಾಯಿಪಾಠ ಮಾಡಿಕೊಂಡರೂ ತಪ್ಪಿಲ್ಲ. ಆದೇಶದ ಪ್ರತಿ ಅದೇ ದಿನ ಅಥವಾ ಮರುದಿನ ಇಮೇಲಿನಲ್ಲಿ ಜೈಲಿಗೆ ಹೋಗಬೇಕು. 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಸೂಪರಿಂಟೆಂಡೆಂಟರು ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಲ್ಲಿ ಬಾಂಡ್ ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ಪರಿಶೀಲಿಸಬಹುದು. ಸ್ಥಳೀಯ ಶ್ಯೂರಿಟಿಯೇ ಬೇಕೆಂಬ ಪಟ್ಟು ಬಿಡುಗಡೆಗೆ ಅಡ್ಡಿಯಾಗುತ್ತಿದ್ದರೆ ಆ ಷರತ್ತು ಹಾಕದಿರುವುದು ಒಳ್ಳೆಯದೆಂದೂ ಅದರಲ್ಲಿದೆ.

ತಿಂಗಳು ಕಾಯಬೇಕಾಗಿಯೂ ಇಲ್ಲ. ಷರತ್ತು ಬದಲಾವಣೆಗೆ ವಕೀಲರಿಂದ ಅರ್ಜಿ ಹಾಕಿಸಿ. 'ಬಡವ' ಎಂದಷ್ಟೇ ಬರೆದರೆ ಅರ್ಜಿ ನಿಲ್ಲುವುದಿಲ್ಲ. ದಿನಗೂಲಿ ಎಷ್ಟು, ಮನೆಯಲ್ಲಿ ಎಷ್ಟು ಜನ, ಯಾವ ಯಾವ ದಿನ ಯಾರು ಶ್ಯೂರಿಟಿಗೆ ಬಂದಿದ್ದರು, ಯಾವ ಕಾರಣಕ್ಕೆ ವಾಪಸಾದರು ಎಂದು ದಿನಾಂಕ ಸಮೇತ ಬರೆಯಿರಿ. ರೇಷನ್ ಕಾರ್ಡು, ಉದ್ಯೋಗ ಖಾತರಿ ಕಾರ್ಡಿನ ಪ್ರತಿ ಲಗತ್ತಿಸಿ. ಮೂರರಲ್ಲಿ ಒಂದನ್ನು ಕೇಳಿ: ಸ್ವಂತ ಮುಚ್ಚಳಿಕೆಯ ಮೇಲೆ ಬಿಡುಗಡೆ, ಮೊತ್ತ ಇಳಿಸುವುದು, ಅಥವಾ ಶ್ಯೂರಿಟಿ ಬದಲು ನಗದು ಠೇವಣಿ. ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 484ನೇ ಕಲಂ ಬಾಂಡಿನ ಮೊತ್ತ ಅತಿಯಾಗಿರಬಾರದು ಎನ್ನುತ್ತದೆ, 490ನೇ ಕಲಂ ನಗದು ಠೇವಣಿಗೆ ಅವಕಾಶ ಕೊಡುತ್ತದೆ. ಆ ಠೇವಣಿಗೂ ದುಡ್ಡಿಲ್ಲದಿದ್ದರೆ ಬಡ ಕೈದಿಗಳ ನೆರವಿಗೆಂದು ಕೇಂದ್ರದ ಯೋಜನೆಯಿದೆ. 2023ರ ಮಾರ್ಗಸೂಚಿಯಲ್ಲಿ ವಿಚಾರಣಾಧೀನರಿಗೆ 40,000 ರೂಪಾಯಿವರೆಗೆ ಎಂದಿತ್ತು, ಈಗಿನ ಮಿತಿ ಎಷ್ಟೆಂದು ಪ್ರಾಧಿಕಾರದಲ್ಲಿ ಕೇಳಿ. ಮಾದಕವಸ್ತು, ಭ್ರಷ್ಟಾಚಾರ, ಹಣ ಅಕ್ರಮ ವರ್ಗಾವಣೆ, ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ ಕೇಸುಗಳಿಗೆ ಇದು ಅನ್ವಯಿಸುವುದಿಲ್ಲ. ಬಿಡುಗಡೆಗೆ ಅರ್ಹರಾದ ಎಷ್ಟೋ ಮಂದಿಯ ಹೆಸರು ಈ ಯೋಜನೆಯ ಜಿಲ್ಲಾ ಸಮಿತಿಯ ಮುಂದೆ ಬರುವುದೇ ಇಲ್ಲ. ನೀವೇ ಹೆಸರು ಬರೆದು ಕೊಡಿ.

ಜಾಮೀನಿಗೆ ಸಂಬಂಧಿಸಿ ಇನ್ನೆರಡು ಗಡುವುಗಳಿವೆ. ಅವನ್ನು ಎಣಿಸುವುದು ಮನೆಯವರ ಕೈಯಲ್ಲೇ ಇದೆ. ಒಂದು, ಚಾರ್ಜ್‌ಶೀಟಿನದು: ಗಡುವಿನೊಳಗೆ ಪೊಲೀಸರು ಅದನ್ನು ಸಲ್ಲಿಸದಿದ್ದರೆ ಜಾಮೀನು ಆರೋಪಿಯ ಹಕ್ಕಾಗುತ್ತದೆ. ಮರಣದಂಡನೆ, ಜೀವಾವಧಿ, ಅಥವಾ 10 ವರ್ಷ ಹಾಗೂ ಮೇಲ್ಪಟ್ಟ ಶಿಕ್ಷೆಯ ಅಪರಾಧಕ್ಕೆ 90 ದಿನ, ಉಳಿದವಕ್ಕೆ 60 ದಿನ. ಮ್ಯಾಜಿಸ್ಟ್ರೇಟರು ಮೊದಲ ಸಲ ಪೊಲೀಸ್ ಅಥವಾ ನ್ಯಾಯಾಂಗ ಬಂಧನಕ್ಕೆ ಕಳಿಸಿದ ದಿನವೂ ಲೆಕ್ಕಕ್ಕೆ ಸೇರುತ್ತದೆ. ಮಾರ್ಚ್ 1ರಂದು ಕಳಿಸಿದ್ದರೆ ಏಪ್ರಿಲ್ 29 ಅರುವತ್ತನೇ ದಿನ. ಅಂದಿಗೂ ಚಾರ್ಜ್‌ಶೀಟ್ ಬರದಿದ್ದರೆ ಏಪ್ರಿಲ್ 30ರ ಬೆಳಿಗ್ಗೆ ಕೋರ್ಟ್ ತೆರೆದ ಕೂಡಲೇ ಜಾಮೀನು ಅರ್ಜಿ ಕೊಡಬೇಕು. ಮಧ್ಯಾಹ್ನ ಚಾರ್ಜ್‌ಶೀಟ್ ಬಂದಮೇಲೆ ಕೊಟ್ಟರೆ ಹಕ್ಕು ಕೈತಪ್ಪಿತು. ಎರಡನೆಯದು ಅದೇ ಸಂಹಿತೆಯ 479ನೇ ಕಲಂ. ಹಿಂದೆಂದೂ ಶಿಕ್ಷೆಯಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡಬೇಕು, ಉಳಿದವರನ್ನು ಅರ್ಧ ಕಳೆದಾಗ. 3 ವರ್ಷದ ಕಳ್ಳತನದ ಕೇಸಿಗೆ ಮೊದಲಿಗರಿಗೆ 1 ವರ್ಷ. ಮರಣದಂಡನೆ, ಜೀವಾವಧಿಯ ಕೇಸುಗಳಿಗೆ ಇದಿಲ್ಲ. ಅರ್ಜಿ ಹಾಕುವ ಹೊಣೆ ಜೈಲು ಸೂಪರಿಂಟೆಂಡೆಂಟರದ್ದೇ. ಆದರೆ ಒಂದಕ್ಕಿಂತ ಹೆಚ್ಚು ಕೇಸಿದ್ದವರಿಗೆ ಇದು ಸಿಗುವುದಿಲ್ಲ ಎಂಬ ಉಪಕಲಂ ಪಕ್ಕದಲ್ಲೇ ಇದೆ. ಎರಡು ಮೊಬೈಲ್ ಕದ್ದ ಆರೋಪಕ್ಕೆ ಎರಡು ಠಾಣೆಯಲ್ಲಿ ಕೇಸಾದರೂ ಸಾಕು, ಬಾಗಿಲು ಮುಚ್ಚುತ್ತದೆ. ಕೊಟ್ಟ ಕೈಯಲ್ಲೇ ಕಿತ್ತುಕೊಳ್ಳುವ ಈ ಉಪಕಲಂ ಹೋಗಲೇಬೇಕು ಎಂದು ನಾನು ನಂಬಿದ್ದೇನೆ.

ಹಲವು ಕೇಸಿದ್ದವರಿಗೆ ಪ್ರತಿಯೊಂದರಲ್ಲೂ ಬೇರೆ ಜಾಮೀನು, ಬೇರೆ ಶ್ಯೂರಿಟಿ ಬೇಕಾಗುತ್ತದೆ. 13 ಕೇಸುಗಳಲ್ಲಿ ಜಾಮೀನು ಸಿಕ್ಕಿಯೂ ಅಷ್ಟು ಶ್ಯೂರಿಟಿ ಹೊಂದಿಸಲಾಗದೆ ಉಳಿದವರೊಬ್ಬರಿಗೆ, ಒಂದು ರಾಜ್ಯದ ಎಲ್ಲ ಕೇಸುಗಳಿಗೂ ಅದೇ ಶ್ಯೂರಿಟಿದಾರರು ಸಾಕೆಂದು ಸುಪ್ರೀಂ ಕೋರ್ಟ್ 2024ರ ಆಗಸ್ಟಿನಲ್ಲಿ ಹೇಳಿತು. ನಿಮ್ಮ ವಕೀಲರಿಗೆ ಗಿರೀಶ್ ಗಾಂಧಿ ಪ್ರಕರಣ ಎಂದರೆ ಸಾಕು.

ಬಾಂಡ್ ಒಪ್ಪಿದ ಮೇಲೆ ಬಿಡುಗಡೆ ಆದೇಶ ಜೈಲಿಗೆ ಹೋಗುತ್ತದೆ. ಅಲ್ಲಿ ಅದನ್ನು ಅಕ್ಷರ ಅಕ್ಷರ ಹೋಲಿಸಿ ನೋಡುತ್ತಾರೆ. ಗಾಜಿಯಾಬಾದಿನ ಜೈಲಿನಲ್ಲಿ 2025ರಲ್ಲಿ ಒಬ್ಬರನ್ನು, ಆದೇಶದಲ್ಲಿ ಕಲಂ ನಮೂದಿಸುವಾಗ ಉಪಕಲಂ ಒಂದು ಬಿಟ್ಟುಹೋಗಿದೆ ಎಂಬ ಕಾರಣಕ್ಕೆ ಸುಮಾರು ನಾಲ್ಕು ವಾರ ಬಿಡಲೇ ಇಲ್ಲ. ಸುಪ್ರೀಂ ಕೋರ್ಟ್ ಕೆಂಡವಾಗಿ 5 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡಿಸಿತು. ಎಲ್ಲರ ಕೇಸೂ ಸುಪ್ರೀಂ ಕೋರ್ಟಿಗೆ ಹೋಗುವುದಿಲ್ಲ. ಆದ್ದರಿಂದ ಬಿಡುಗಡೆ ಆದೇಶ ಹೊರಡುವ ಮೊದಲೇ ವಕೀಲರ ಜೊತೆ ಕೂತು ಓದಿ: ಹೆಸರು, ತಂದೆಯ ಹೆಸರು, ಠಾಣೆ, ಕ್ರೈಂ ನಂಬರು, ಕೇಸ್ ನಂಬರು, ಎಲ್ಲ ಕಲಂ ಮತ್ತು ಉಪಕಲಂ, ಯಾವ ಜೈಲು. ಎಫ್‌ಐಆರ್ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ. ಬೇರೆ ಠಾಣೆಯ ಬಾಡಿ ವಾರಂಟ್ (ಇನ್ನೊಂದು ಕೇಸಿಗೆ ಕೈದಿಯನ್ನು ಹಾಜರುಪಡಿಸಲು ಹೇಳುವ ಆದೇಶ) ಬಾಕಿ ಇದೆಯೇ ಎಂದು ಜೈಲಿನಲ್ಲಿ ವಿಚಾರಿಸಿಕೊಳ್ಳಿ, ಇದ್ದರೆ ಈ ಆದೇಶದಿಂದ ಬಾಗಿಲು ತೆರೆಯುವುದಿಲ್ಲ. 'ಕರಿಯಪ್ಪ' ಎಂಬುದು 'ಕರಿಬಸಪ್ಪ' ಎಂದಾಗಿದ್ದರೆ ಅಲ್ಲೇ ಶಿರಸ್ತೇದಾರರಿಗೆ ತೋರಿಸಿ ತಿದ್ದಿಸಿ. ಶುಕ್ರವಾರ ಮಧ್ಯಾಹ್ನವೇ ಇದು ಮುಗಿಯದಿದ್ದರೆ ರಜೆ ಸೇರಿಕೊಂಡು ಸೋಮವಾರದವರೆಗೂ ಹುಡುಗ ಒಳಗೇ ಇರುತ್ತಾನೆ.